ಉಳಿದ ಒಂದು ಊರು

“ಅಪ್‌ಡೇಟ್ ಕಳಿಸೋಕೆ ಇನ್ನೇನಮ್ಮಾ ಅಡ್ಡಿ? ಸೋಮವಾರವೇ ಸಿದ್ಧ ಅಂದೆ. ಇವತ್ತು ಬುಧವಾರ!”

ಮಾಲೀಕ ಧರ್ಮೇಶ್ ಮೇಜು ಗುದ್ದಿದರು. ತ್ರಿವೇಣಿ ಅಲುಗಲಿಲ್ಲ.

ಕಡೂರಿನ ಆ ಸಣ್ಣ ಕಂಪನಿ, ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಮೆಷಿನ್ ತಯಾರಿಸುತ್ತಿತ್ತು. ನಲವತ್ತು ಊರುಗಳಲ್ಲಿ ನಲವತ್ತು ಮೆಷಿನ್. ಅವುಗಳ ಸಾಫ್ಟ್‌ವೇರ್ ಬರೆದವಳೇ ತ್ರಿವೇಣಿ. ಅದರಲ್ಲೊಂದು ದೋಷವಿರುವುದು ಭಾನುವಾರ ಅವಳ ಕಣ್ಣಿಗೆ ಬಿದ್ದಿತ್ತು. ಅದು ಎಲ್ಲಿದೆ ಎಂದು ತಿಳಿದವನು ಮನೆಯಲ್ಲೇ ಕೂತು ಯಾವ ಊರಿನ ನೀರನ್ನಾದರೂ ವಿಷ ಮಾಡಬಹುದಿತ್ತು.

“ಹತ್ತು ಹಳೇ ಮೆಷಿನ್ ಇವೆ ಸರ್. ಇಲ್ಲಿಂದ ಅಪ್‌ಡೇಟ್ ಕಳಿಸಿದ್ರೆ ಅವುಗಳ ವಾಲ್ವ್ ಪೂರ್ತಿ ತೆರ್ಕೊಂಡ್ಬಿಡುತ್ತೆ. ನಮ್ಮ ಮೆಕ್ಯಾನಿಕ್ ಸತೀಶ್ ಹೋಗಿ ಕೈಯಾರೆ ಹಾಕ್ಬೇಕು.”

“ಉಳಿದ ಮೂವತ್ತಕ್ಕಾದ್ರೂ ಕಳಿಸು.”

“ಆಗ ಯಾರಾದ್ರೂ ಇಂಟರ್ನೆಟ್‌ನಲ್ಲಿ ಹೋಗೋ ಹೊಸದನ್ನ ದಾರೀಲೇ ಎತ್ಕೊಂಡು ಹಳೇದರ ಪಕ್ಕ ಇಟ್ಟು ನೋಡಿದ್ರೆ, ದೋಷ ಎಲ್ಲಿತ್ತು ಅಂತ ತಿಳಿಯುತ್ತೆ. ಬಾಕಿ ಇರೋ ಊರುಗಳು ಅವನ ಕೈಗೆ ಸಿಗ್ತವೆ.”

ಫೋನ್ ರಿಂಗಾಯಿತು. ಸತೀಶ್ ಊರೂರು ಸುತ್ತಿ ಮೆಷಿನ್ ಬಿಚ್ಚುವುದನ್ನು ಕಂಡು ಜನರಲ್ಲಿ ಸುದ್ದಿ ಹಬ್ಬಿತ್ತು. ಅಂತರಘಟ್ಟೆ ಕಡೆಯ ಪಂಚಾಯಿತಿ ಮೆಂಬರ್ ನಂಜುಂಡಪ್ಪ ಅಂತೂ ದಿನಕ್ಕೆರಡು ಸಲ ಕರೆ ಮಾಡುತ್ತಿದ್ದರು.

“ಮಕ್ಳು ಕುಡಿಯೋ ನೀರು ಕಣಮ್ಮಾ! ಬೇಗ ಕಳ್ಸಿ.”

“ನಿಮ್ಮೂರಿಂದು ನೆನ್ನೆಯೇ ಆಯ್ತು ಸರ್.”

“ಅದಿರ್ಲಿ. ಇನ್ನು ಯಾವ್ಯಾವ ಊರು ಉಳ್ದಿದೆ?”

ಅವಳು ಹೇಳಲಿಲ್ಲ. ಆದರೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಗುರುವಾರ ಹನ್ನೊಂದಕ್ಕೆ ತರೀಕೆರೆಯಿಂದ ಸತೀಶ್ ಮಾತಾಡಿದ. “ಇಲ್ಲಿದು ಆಯ್ತು ಮೇಡಂ.”

“ಸರಿ, ವಾಪಸ್ ಬನ್ನಿ.”

ಮರುಕ್ಷಣವೇ ಮೂವತ್ತು ಮೆಷಿನ್‌ಗಳಿಗೂ ಅಪ್‌ಡೇಟ್ ಕಳುಹಿಸಿದಳು. ಪರದೆಯ ಮೇಲೆ ಒಂದೊಂದೇ ಊರು ಹಸಿರಾಯಿತು. ಅಷ್ಟರಲ್ಲಿ ಮತ್ತೆ ನಂಜುಂಡಪ್ಪನವರ ಫೋನ್.

“ಲಕ್ಕವಳ್ಳಿ ಕಡೇದು ಒಂದು ಉಳ್ದಿದೆ ಸರ್,” ಎಂದಳು. “ಸಂಜೆಗೆ ಮಾಡ್ತೀವಿ.”

ಧರ್ಮೇಶ್ ಬೆಚ್ಚಿದರು. “ಹೊರಗಿನವರಿಗೆ ಯಾಕಮ್ಮಾ ಹೇಳ್ದೆ?”

ಅವಳು ಪರದೆಯನ್ನೇ ನೋಡುತ್ತ ಕೂತಳು.

ಮೂರು ಗಂಟೆಗೆ ಪರದೆ ಕೆಂಪಾಯಿತು. ಲಕ್ಕವಳ್ಳಿ ಕಡೆಯ ಮೆಷಿನ್‌ನಲ್ಲಿ ಕ್ಲೋರಿನ್ನನ್ನು ನೂರು ಪಟ್ಟು ಏರಿಸಲು ಯಾರೋ ಆಜ್ಞೆ ಕೊಡುತ್ತಿದ್ದರು. ಒಮ್ಮೆ. ಮತ್ತೊಮ್ಮೆ.

ಧರ್ಮೇಶ್ ಆ ಊರಿನ ನೀರಗಂಟಿ ಈರಪ್ಪನಿಗೆ ಫೋನ್ ಮಾಡಿದರು. “ನೀರು ನಿಲ್ಸೋ! ಯಾರೂ ಕುಡೀಬೇಡಿ ಅನ್ನು!”

“ಯಾಕ್ ಸ್ವಾಮಿ? ಈಗ್ತಾನೆ ಕುಡ್ದೆ, ಚೆನ್ನಾಗೇ ಇದೆಯಲ್ಲ?”

ಧರ್ಮೇಶ್ ಕಂಗಾಲಾಗಿ ತಿರುಗಿ ನೋಡಿದರು. ತ್ರಿವೇಣಿ ಆಗಲೇ ಪೊಲೀಸರ ನಂಬರ್ ಒತ್ತುತ್ತಿದ್ದಳು.

“ಅದನ್ನ ಸತೀಶ್ ಸೋಮವಾರವೇ ಸರಿ ಮಾಡಿದ್ದ ಸರ್. ಉಳ್ದಿದೆ ಅಂತ ನಾನು ಸುಳ್ಳು ಹೇಳಿದ್ದು ನಂಜುಂಡಪ್ಪ ಒಬ್ಬರಿಗೇ.”