ಮಾಮನ ಬಡ್ತಿಗೆ ಒಂದು ಹಾರ

ನಾನು ಆರನೇ ತರಗತಿಯಲ್ಲಿದ್ದ ವರ್ಷ, ಬೇಸಿಗೆಯ ಒಂದು ಮಧ್ಯಾಹ್ನ, ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಮಾಮನನ್ನು ಅಜ್ಜ ಕುರುಗೋಡಿನಿಂದ ಬಳ್ಳಾರಿಯ ಮುಖಂಡರೊಬ್ಬರ ಮನೆಗೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಮಾಮನ ನಿವೃತ್ತಿ ಹತ್ತಿರವಾಗಿತ್ತು. ಕರ್ನಲ್ ಬಡ್ತಿ ಬಂದಿರಲಿಲ್ಲ. ಸುಗಂಧರಾಜದ ವಾಸನೆ ಬಂದರೆ ಈಗಲೂ ಅಜ್ಜನ ತೊಡೆಯ ಮೇಲಿದ್ದ ಆ ಒದ್ದೆ ಹಾರ ನೆನಪಾಗುತ್ತದೆ.

"ಅಪ್ಪಾ, ಮಿಲಿಟರಿಯೊಳಗ ಹಿಂಗ ಹೇಳಿಸಿದ್ರ ಇರೋ ಹೆಸರೂ ಕೆಡತೈತಿ. ನಡೀರಿ," ಎಂದು ಮಾಮ ಮತ್ತೆ ಎದ್ದರು.

"ಕುಂದ್ರಲೇ. ಊರಾಗಿನ ಮಾಸ್ತರ್‌ಗಳ ಬದಲಿ ಎಲ್ಲಾ ಇಲ್ಲೇ ಆಗ್ಯಾವ," ಅಂದರು ಅಜ್ಜ.

ಮುಖಂಡರು ಹಾರ ಹಾಕಿಸಿಕೊಂಡು, "ಯಾವ ಊರಿಗೆ ಹಾಕಿಸ್ಬೇಕ್ರಿ?" ಎಂದು ಕೇಳಿದರು.

"ಊರಲ್ರಿ, ಕರ್ನಲ್ ಮಾಡಿಸ್ರಿ," ಎಂದು ಅಜ್ಜ ಕೈಮುಗಿದರು.

ಅವರು ಅಲ್ಲೇ ದೆಹಲಿಗೆ ಫೋನ್ ಹಚ್ಚಿ ಮಾಮನ ಹೆಸರನ್ನು ಗಟ್ಟಿಯಾಗಿ ಹೇಳಿದರು. ಮಾಮ ಗೋಡೆಯ ಕಡೆ ತಿರುಗಿ ನಿಂತರು.

ಮಾಮ ಅದೇ ದರ್ಜೆಯಲ್ಲಿ ನಿವೃತ್ತರಾಗಿ ಸಿರುಗುಪ್ಪದಲ್ಲಿ ಮನೆ ಮಾಡಿದರು. ಈ ಯುಗಾದಿಗೂ ಅವರು ಕುರುಗೋಡಿಗೆ ಬರಲಿಲ್ಲ.