ಗ್ರೂಪಿನಿಂದ ತೆಗೆದ ನಂಬರು

ದೂರದ ಕಡಲ ತೀರದ ಮೀನು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ರೇಣವ್ವನಿಗೆ, ಊರಲ್ಲಿ ಅತ್ತೆಯ ಬಳಿ ಬಿಟ್ಟು ಬಂದ ಮಗಳ ಸುದ್ದಿ ಸಿಗುತ್ತಿದ್ದುದು ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ. ಭಾಷಣ ಸ್ಪರ್ಧೆ, ಪಾಲಕರ ಸಭೆ, ಶಾರದಾ ಪೂಜೆ, ಎಲ್ಲವನ್ನೂ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಓದುತ್ತಿದ್ದಳು. ಹೋಗಲು ರಜೆ ಮಾತ್ರ ಒಮ್ಮೆಯೂ ಸಿಗಲಿಲ್ಲ.

ಅಂದು ಗ್ರೂಪಿನಿಂದ ಅವಳ ನಂಬರನ್ನೇ ತೆಗೆದಿದ್ದರು. ಊಟ ಬಿಟ್ಟು ಶಿಕ್ಷಕಿಗೆ ಫೋನ್ ಮಾಡಿದಳು.

“ಅಕ್ಕೋರೇ, ನನ್ನ ಯಾಕ ತಗದ್ರಿ? ನಾ ಏನ್ ತಪ್ಪು ಮಾಡೇನ್ರಿ?”

“ನಿಂದೇನೂ ತಪ್ಪಿಲ್ಲವ್ವ.”

“ಹಂಗಾರ ಮತ್ತ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಅದೊಂದ ನೋಡಿ ಜೀವ ಹಿಡದೇನ್ರಿ ಇಲ್ಲಿ.”

“ಹಾಕಾಕ ಬರೂದಿಲ್ಲ.”

“ನಮ್ಮತ್ತಿ ಹೇಳಿದ್ಲೇನು? ಆ ಮುದುಕಿಗೆ ನನ್ನ ಕಂಡ್ರ ಆಗೂದಿಲ್ಲ!”

“ಪಾಪ, ಆಕಿನ್ನ ಬೈಬ್ಯಾಡ. ನಿನ್ನ ಮಗಳ ಬಂದು ಅತ್ಲು. ‘ಸೋಮವಾರ ಶಾಲಿ ಹಬ್ಬಕ್ಕ ಎಲ್ಲಾರ ಅವ್ವಂದಿರೂ ಬರ್ತಾರ್ರಿ. ನಮ್ಮವ್ವಗ ಗೊತ್ತಿಲ್ಲ, ಅದಕ್ಕ ಬರಂಗಿಲ್ಲ ಅಂತ ಗೆಳತ್ಯಾರಿಗೆ ಹೇಳೇನಿ. ಅದು ಸುಳ್ಳಾಗದಂಗ ಮಾಡ್ರಿ ಅಕ್ಕೋರೇ’ ಅಂದ್ಲು.”