ಹಳದಿ ಪಿನ್ನು

ಮೊನ್ನೆ ಕಾಸರಗೋಡಿನ ಅಂಗಡಿಯಲ್ಲಿ ಟೀವಿಯ ಕೇಬಲ್ ಆರಿಸುವಾಗ, ಹೊಸ ವಯರಿನ ವಾಸನೆಗೆ ಹಳೆಯ ಒಂದು ದಿನ ನೆನಪಾಯಿತು.

ನಾನು ಸಣ್ಣವಳಿದ್ದಾಗ ಗಲ್ಫಿನಿಂದ ಅಪ್ಪ ವಿಡಿಯೋ ಪ್ಲೇಯರ್ ಕಳಿಸಿದ್ದರು, ಜೊತೆಗೆ ತಾವು ಮಾತಾಡಿದ ಒಂದು ಸೀಡಿ. ನನಗೆ ಅವರ ಮುಖ ಫೋಟೋದಲ್ಲಿ ಮಾತ್ರ ಗೊತ್ತಿತ್ತು. ಮಾವ ಪೇಟೆಯಲ್ಲಿ ಆರಿಸಿ ತಂದ ವಯರಿನ ಕೆಂಪು, ಬಿಳಿ ಪಿನ್ನುಗಳು ಟೀವಿಯ ಹಿಂಬದಿಯಲ್ಲಿ ಸರಿಯಾಗಿ ಕೂತು ಸ್ವರ ಬಂತು. ಚಿತ್ರದ ಹಳದಿ ಪಿನ್ನು ಮಾತ್ರ ಸಡಿಲ. ಒತ್ತಿ ಹಿಡಿದರೆ ಚಿತ್ರ, ಬಿಟ್ಟರೆ ಕತ್ತಲೆ.

"ಇದಕ್ಕೆ ಸಣ್ಣ ಕೈಯೇ ಆಗಬೇಕು ಮಾರಾಯ್ರೆ" ಎನ್ನುತ್ತಾ ಮಾವ ನನ್ನನ್ನು ಟೀವಿಗೂ ಗೋಡೆಗೂ ನಡುವೆ ತೂರಿಸಿದರು. ಬಿಸಿ ಪ್ಲಾಸ್ಟಿಕ್ಕು, ಜೇಡರ ಬಲೆ, ಹಣೆಗೆ ತಾಗುವ ಸುಣ್ಣದ ಗೋಡೆ. ಆ ಕಡೆ ನೆರೆಕರೆಯವರೆಲ್ಲ ಸೇರಿದ್ದರು.

"ಎಷ್ಟು ಸೊರಗಿದ್ದಾನೆ ನೋಡು!" ಎಂದು ಅಜ್ಜಿ ಅತ್ತರು. ಇಣುಕಲು ಸ್ವಲ್ಪ ಹೊರಳಿದೆ. ಚಿತ್ರ ಹೋಯಿತು.

"ಅಲ್ಲಾಡಬೇಡ!" ಎಂದು ಎಲ್ಲರೂ ಕೂಗಿದರು. ಅಮ್ಮನೂ.

ಮತ್ತೆ ಒತ್ತಿ ಹಿಡಿದೆ. ಅಪ್ಪನ ಸ್ವರ ನನ್ನ ಪಕ್ಕೆಲುಬಿನಲ್ಲೇ ನಡುಗಿದಂತೆ ಕೇಳಿತು: "ಮಗಳು ಎದುರಿಗೇ ಕೂತಿದ್ದಾಳಲ್ಲಾ? ಮಗಳೇ, ನಾನು ಕಾಣ್ತೇನಾ?"

ಯಾರೂ ನನ್ನನ್ನು ಹೊರಗೆ ಕರೆಯಲಿಲ್ಲ.

"ಕಾಣ್ತದೆ ಅಪ್ಪಾ" ಎಂದೆ, ಗೋಡೆಗೆ.